ಸಿಟ್ಟು ಬಾರದ ದಿನಗಳನ್ನೂ ವಿಚಾರಿಸಬೇಕು

ಇದ್ದಕ್ಕಿದ್ದಂತೆ ಸಿಡಿಯುವ ಸಿಟ್ಟಿನ ಕಾರಣಕ್ಕೆ ಮನೆಯವರು ಯಾರನ್ನಾದರೂ ಚಿಕಿತ್ಸೆಗೆ ಕರೆತಂದಾಗ ಅವರ ಮಾತೆಲ್ಲ ಆ ಗಳಿಗೆಯ ಸುತ್ತಲೇ ಇರುತ್ತದೆ: ಏನೇನು ಒಡೆಯಿತು, ಯಾರ ಮೇಲೆ ಕೈ ಎತ್ತಿದರು, ಬಾಯಿಂದ ಎಂಥ ಮಾತು ಬಂತು. ಅದನ್ನು ತಾಳ್ಮೆಯಿಂದ ಕೇಳಲೇಬೇಕು. ಆದರೆ ಸಿಟ್ಟಿನ ಹಿಂದೆ ಕಾಯಿಲೆ ಇದೆಯೇ, ಇದ್ದರೆ ಯಾವುದು ಎಂಬುದರ ಸುಳಿವು ಹೆಚ್ಚಾಗಿ ಸಿಗುವುದು ಒಂದು ಸಿಟ್ಟಿಗೂ ಇನ್ನೊಂದು ಸಿಟ್ಟಿಗೂ ನಡುವಿನ ದಿನಗಳಲ್ಲಿ. ಆ ದಿನಗಳ ಬಗ್ಗೆ ಯಾರೂ ತಾವಾಗಿ ಹೇಳುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ತೋಟದ ಪಂಪು ಚಾಲೂ ಆಗಲಿಲ್ಲವೆಂದು ಸ್ಟಾರ್ಟರ್ ಪೆಟ್ಟಿಗೆಯನ್ನು ಹಾರೆಯಿಂದ ಜಜ್ಜಿದ್ದರು. ತಡೆಯಲು ಬಂದ ಮಗನನ್ನು ದೂಡಿ ಬೀಳಿಸಿದ್ದರು. ಹತ್ತು ನಿಮಿಷ ಕಳೆಯುವುದರೊಳಗೆ ಅಲ್ಲೇ ಕೆರೆಯ ಬದಿಯಲ್ಲಿ ಕುಳಿತು ನಡುಗುತ್ತಿದ್ದರು. "ಇವರದ್ದು ಮೊದಲಿಂದಲೂ ಮುಂಗೋಪ ಡಾಕ್ಟ್ರೇ, ಮಾವನೂ ಹೀಗೇ ಇದ್ದರು" ಎಂದರು ಪತ್ನಿ. ಉಳಿದ ದಿನಗಳು ಹೇಗಿರುತ್ತವೆ ಎಂದು ಕೇಳಿದ ಮೇಲೆ ಒಂದೊಂದೇ ಸಂಗತಿ ಹೊರಬಂತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಕಳೆದ ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೂ ಹೊಡೆಸಿರಲಿಲ್ಲ. ತಪ್ಪಿಸದೆ ಹೋಗುತ್ತಿದ್ದ ತಾಳಮದ್ದಳೆಗೂ ಹೋಗುವುದು ಬಿಟ್ಟಿದ್ದರು. ಅವರಿಗಿದ್ದದ್ದು ಖಿನ್ನತೆ.

ಖಿನ್ನತೆಯೆಂದರೆ ಅಳು ಮತ್ತು ಮೌನ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಸ್ತವದಲ್ಲಿ ಖಿನ್ನತೆಗೆ ಚಿಕಿತ್ಸೆಗೆ ಬರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಎದೆಬಡಿತ, ಬೆವರು, ನಡುಕದೊಂದಿಗೆ ಏರಿಬಂದು ಪಶ್ಚಾತ್ತಾಪದಲ್ಲಿ ಮುಗಿಯುವ ಇಂಥ ಸಿಟ್ಟು ಇರುತ್ತದೆ. ಗಂಡಸು ಅಳಬಾರದು, ಆದರೆ ಗದರಬಹುದು ಎಂದು ಒಪ್ಪಿಕೊಂಡಿರುವ ಮನೆಗಳಲ್ಲಿ ಆ ಸಂಕಟ ಸ್ವಭಾವದೋಷದ ಲೆಕ್ಕಕ್ಕೆ ಸೇರಿ ವರ್ಷಗಟ್ಟಲೆ ಉಳಿದುಬಿಡುತ್ತದೆ ಎಂಬುದು ನನ್ನನ್ನು ನಿಜವಾಗಿ ನೋಯಿಸುವ ವಿಷಯ.

ನಡುವಿನ ದಿನಗಳು ಬೇರೆ ಕಾಯಿಲೆಗಳನ್ನೂ ತೋರಿಸಿಕೊಡುತ್ತವೆ. ಮೂರು ನಾಲ್ಕು ಗಂಟೆ ಮಾತ್ರ ನಿದ್ದೆ ಮಾಡಿಯೂ ದಣಿಯದೆ, ದೊಡ್ಡ ದೊಡ್ಡ ಯೋಜನೆ ಹಾಕುತ್ತ, ಅಡ್ಡ ಬಂದವರ ಮೇಲೆಲ್ಲ ಹರಿಹಾಯುತ್ತಿದ್ದರೆ ಖಿನ್ನತೆಗೂ ಉನ್ಮಾದಕ್ಕೂ ಮನಸ್ಸು ಹೊರಳುವ ಬೈಪೋಲಾರ್ ಕಾಯಿಲೆಯ ಉನ್ಮಾದ ಹಂತವನ್ನು ಸಂಶಯಿಸಬೇಕು. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಉನ್ಮಾದ ಹೆಚ್ಚಬಹುದಾದ್ದರಿಂದ ಇಲ್ಲಿ ಅವಸರ ಸಲ್ಲದು. ಅಪಘಾತ ಅಥವಾ ಹಲ್ಲೆಯ ನಂತರ ಸದಾ ಬೆಚ್ಚುತ್ತ, ಕೆಟ್ಟ ಕನಸುಗಳಿಂದ ಏಳುತ್ತಿದ್ದರೆ ಆಘಾತೋತ್ತರ ಒತ್ತಡ. ಚಿಕ್ಕಂದಿನಿಂದಲೂ ಚಡಪಡಿಕೆ, ಗಮನ ನಿಲ್ಲದಿರುವುದು ಇದ್ದರೆ ಎಡಿಎಚ್‌ಡಿ ಎಂಬ ಗಮನ ಕೊರತೆಯ ತೊಂದರೆ. ಮದ್ಯದ ಪಾತ್ರವನ್ನು ಬೇರೆಯಾಗಿ ವಿಚಾರಿಸಬೇಕು, ಏಕೆಂದರೆ ಕುಡಿದಾಗ ಮಾತ್ರವಲ್ಲ, ಕುಡಿತ ನಿಂತ ಮೊದಲ ದಿನಗಳಲ್ಲಿಯೂ ಸಿಟ್ಟು ಕೆರಳುತ್ತದೆ. ಅರುವತ್ತು ದಾಟಿದ ಸೌಮ್ಯ ವ್ಯಕ್ತಿ ಹೊಸದಾಗಿ ಸಿಡುಕತೊಡಗಿದರೆ ಮರೆವಿನ ಕಾಯಿಲೆಯನ್ನೂ ತಲೆಗೆ ಬಿದ್ದ ಏಟನ್ನೂ ಥೈರಾಯ್ಡನ್ನೂ ಪರೀಕ್ಷಿಸದೆ ಮುಂದೆ ಹೋಗಬಾರದು.

ಇವ್ಯಾವುವೂ ಇಲ್ಲದೆ, ನಡುವಿನ ದಿನಗಳು ಬಹುಮಟ್ಟಿಗೆ ಸರಿಯಾಗಿದ್ದೂ ಸಿಟ್ಟು ಮಾತ್ರ ಮರುಕಳಿಸುತ್ತಿದ್ದರೆ ಅದಕ್ಕೆ 'ಇಂಟರ್‌ಮಿಟೆಂಟ್ ಎಕ್ಸ್‌ಪ್ಲೋಸಿವ್ ಡಿಸಾರ್ಡರ್' (ಆಗಾಗ ಸಿಡಿಯುವ ಸಿಟ್ಟಿನ ಕಾಯಿಲೆ) ಎಂಬ ಹೆಸರಿದೆ. ಅಮೆರಿಕನ್ ಮನೋವೈದ್ಯರ ಸಂಘದ 2013ರ ಮಾನದಂಡದ ಪ್ರಕಾರ, ಬೈಗುಳ ಅಥವಾ ಹಾನಿಯಾಗದ ಹೊಡೆದಾಟ ಮೂರು ತಿಂಗಳ ಕಾಲ ಸರಾಸರಿ ವಾರಕ್ಕೆರಡು ಬಾರಿ, ಇಲ್ಲವೇ ವಸ್ತು ಒಡೆಯುವ ಅಥವಾ ಗಾಯ ಮಾಡುವಂಥದ್ದು ವರ್ಷದಲ್ಲಿ ಮೂರು ಬಾರಿ ನಡೆದಿರಬೇಕು. ಅದು ಪೂರ್ವಯೋಜಿತವಾಗಿರಬಾರದು, ಕಾರಣಕ್ಕೆ ತಕ್ಕ ಅಳತೆಯನ್ನು ಮೀರಿರಬೇಕು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಯೋಚನೆ, ವರ್ತನೆಗಳನ್ನು ಮಾತುಕತೆಯ ಮೂಲಕ ತಿದ್ದಿಕೊಳ್ಳುವ ಅರಿವಿನ ವರ್ತನಾ ಚಿಕಿತ್ಸೆಯಿಂದಲೂ ಖಿನ್ನತೆಗೂ ಕೊಡುವ ಫ್ಲೂಒಕ್ಸೆಟಿನ್‌ನಂಥ ಮಾತ್ರೆಗಳಿಂದಲೂ ಪ್ರಯೋಜನವಿದೆ, ಆದರೆ ಮಾತ್ರೆಯ ಫಲ ಕಾಣಲು ಕೆಲವು ವಾರಗಳು ಬೇಕು. ಸಿಟ್ಟು ಇಳಿಯಲೆಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡುವವರಿದ್ದಾರೆ; ಕೆಲವರಲ್ಲಿ ಅದು ಇದ್ದ ಹಿಡಿತವನ್ನೂ ಸಡಿಲಿಸಿಬಿಡುತ್ತದೆ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಆಡುವವರು ಸರಕಾರಿ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಮನಸ್ಸಿನ ಮಾತು ಹೇಳಬೇಕಾಗುತ್ತದೆ. ಆಗ "ಮಂಡೆಬಿಸಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ತಲಪಾಡಿ ದಾಟಿ ಮಂಗಳೂರಿಗೆ ಹೋದವರು ಬಸ್ಸು ಖರ್ಚು ತಾಳಲಾರದೆ ಎರಡನೆಯ ಭೇಟಿಗೇ ನಿಲ್ಲಿಸುತ್ತಾರೆ. ಮಂಗಳೂರಿನ ಚೀಟಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿನಲ್ಲಿ ತೋರಿಸಿ ಇಲ್ಲಿಯೇ ಚಿಕಿತ್ಸೆ ಮುಂದುವರಿಸಲು ಕೇಳುವುದರಲ್ಲಿ ಸಂಕೋಚ ಬೇಡ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಕೊನೆಗೆ ಒಂದು ಪ್ರಶ್ನೆಯನ್ನು ನಾನು ಬಿಡದೆ ಕೇಳುತ್ತೇನೆ: ಈ ಸಿಟ್ಟು ಸೊಸೈಟಿಯ ಕಾರ್ಯದರ್ಶಿಯ ಎದುರೂ ಬರುತ್ತದೆಯೇ, ಮನೆಯ ಹೆಂಗಸರ ಎದುರು ಮಾತ್ರವೇ? ಹೊರಗೆ ಸದಾ ಹಿಡಿತದಲ್ಲಿದ್ದು ಬಾಗಿಲು ಹಾಕಿದ ಮೇಲೆ ಮಾತ್ರ ಏಳುವ ಸಿಟ್ಟಿಗೆ ಕಾಯಿಲೆಯ ಹೆಸರನ್ನು ಹೊದಿಸಲು ನಾನು ಸಿದ್ಧನಿಲ್ಲ; ಮಾನಸಿಕ ಕಾಯಿಲೆಯಿರುವ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ. ಕಾಯಿಲೆ ನಿಜವಾಗಿಯೂ ಇದ್ದರೂ ಸಿಟ್ಟು ಏರಿದ ಹೊತ್ತಿನಲ್ಲಿ ವಾದಿಸದೆ ಮಕ್ಕಳೊಂದಿಗೆ ಪಕ್ಕದ ಮನೆಗೆ ಹೋಗುವುದೇ ಸರಿ. ಹೊಡೆತ ಬೀಳುತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ ಕೇಳಲು ಗಂಡನ ಚಿಕಿತ್ಸೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.