ಮತ್ತೆ ಮಾಡಿ ನೋಡಿದರೆ ಬಾರದ ಫಲಿತಾಂಶ: ಸಂಶೋಧನೆಗೆ ಅಂಟಿದ ಹಳೆಯ ಕಾಯಿಲೆ

2011ರಲ್ಲಿ ಮನಃಶಾಸ್ತ್ರದ ಹೆಸರುವಾಸಿ ಜರ್ನಲ್ ಒಂದರಲ್ಲಿ ವಿಚಿತ್ರವಾದ ಪೇಪರ್ (ಸಂಶೋಧನಾ ಪ್ರಬಂಧ) ಪ್ರಕಟವಾಯಿತು. ಬರೆದವರು ಕಾರ್ನೆಲ್ ವಿಶ್ವವಿದ್ಯಾಲಯದ ಡ್ಯಾರಿಲ್ ಬೆಮ್. ಒಂಬತ್ತು ಪ್ರಯೋಗ, ಸಾವಿರಕ್ಕೂ ಜಾಸ್ತಿ ಜನ. ಮುಂದೆ ಆಗುವುದರ ಸುಳಿವು ಮನುಷ್ಯರಿಗೆ ಒಂದಿಷ್ಟು ಮೊದಲೇ ಸಿಗುತ್ತದೆ ಎಂಬುದು ಅದರ ತೀರ್ಮಾನ. ಒಂದು ಪ್ರಯೋಗದಲ್ಲಿ ಕಂಪ್ಯೂಟರ್‌ನಲ್ಲಿ ಕಾಣುವ ಎರಡು ಪರದೆಗಳ ಪೈಕಿ ಯಾವುದರ ಹಿಂದೆ ಚಿತ್ರ ಬರುತ್ತದೆ ಎಂದು ಹೇಳಬೇಕಿತ್ತು. ಸುಮ್ನೆ ಊಹಿಸಿದರೂ ಶೇ 50ರಷ್ಟು ಸರಿಯಾಗಬೇಕು. ಕಾಮಪ್ರಚೋದಕ ಚಿತ್ರಗಳ ವಿಷಯದಲ್ಲಿ ಶೇ 53.1ರಷ್ಟು ಸರಿಯಾಗಿತ್ತು.

ಕೆಲವರು ನಕ್ಕರು. ಆದರೆ ಆ ಕ್ಷೇತ್ರದ ಒಳಗಿದ್ದವರಿಗೆ ನಗು ಬರಲಿಲ್ಲ. ಯಾಕೆಂದರೆ ಬೆಮ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ಎಲ್ಲರೂ ಬಳಸುವ ವಿಧಾನವನ್ನೇ ಅವರೂ ಬಳಸಿದ್ದರು. ಈ ಫಲಿತಾಂಶ ತಪ್ಪು ಅಂತಾದರೆ, ಅದೇ ದಾರಿಯಲ್ಲಿ ಬಂದ ಉಳಿದ ಪೇಪರ್‌ಗಳನ್ನು ನಂಬುವುದು ಹೇಗೆ? ಬ್ರಿಟನ್ನಿನ ಮೂವರು ಸಂಶೋಧಕರು ಒಂದು ಪ್ರಯೋಗವನ್ನು ಮತ್ತೆ ಮಾಡಿದರು. ಏನೂ ಸಿಗಲಿಲ್ಲ. ಅದನ್ನು ಬರೆದು ಅದೇ ಜರ್ನಲ್‌ಗೆ ಕಳುಹಿಸಿದರೆ ಪೇಪರ್ ವಾಪಸ್ ಬಂತು. ಹಿಂದೆ ಆದ ಪ್ರಯೋಗವನ್ನು ಮತ್ತೆ ಮಾಡಿದ್ದನ್ನು ತಾವು ಪ್ರಕಟಿಸುವುದಿಲ್ಲ ಎಂಬ ಉತ್ತರ ಬಂತು. ನನ್ನ ಪ್ರಕಾರ ಬೆಮ್ ಪೇಪರ್‌ಗಿಂತ ಈ ಉತ್ತರವೇ ದೊಡ್ಡ ಸುದ್ದಿ ಆಗಬೇಕಿತ್ತು.

ವಿಜ್ಞಾನ ಶುರುವಾಗಿದ್ದು ಹೀಗಲ್ಲ. 1660ರ ಸುಮಾರಿಗೆ ವಿಜ್ಞಾನಿ ರಾಬರ್ಟ್ ಬಾಯ್ಲ್ ತಮ್ಮ ಗಾಳಿ ಪಂಪಿನ ಪ್ರಯೋಗಗಳನ್ನು ಉದ್ದುದ್ದ ವಿವರಿಸಿ ಬರೆದರು. ಓದಿದವರು ಬೇಕಿದ್ದರೆ ತಾವೇ ಮಾಡಿ ನೋಡಲಿ ಎಂಬುದು ಉದ್ದೇಶ. ಪ್ರಯೋಗಗಳು ಯಾಕೆ ಕೈಕೊಡುತ್ತವೆ ಎಂಬುದರ ಬಗ್ಗೆಯೇ ಅವರು 1661ರಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಸೋತ ಪ್ರಯೋಗವನ್ನೂ ಹೇಳಿಕೊಳ್ಳಬೇಕು ಎಂಬ ವಿಚಾರಕ್ಕೆ ಅಷ್ಟು ವಯಸ್ಸಾಗಿದೆ. ಅದು ಎಲ್ಲಿ ಕಳೆದುಹೋಯಿತು ಎನ್ನುವುದೇ ಈ ಕಥೆ.

1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಸಂಶೋಧಕರಿಗಾಗಿ ಒಂದು ಪುಸ್ತಕ ಬರೆದರು. ಆಗ ಅವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದ್ದರು. ನಿಜವಾಗಿ ಯಾವ ಪರಿಣಾಮವೂ ಇಲ್ಲದೆ, ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಕಾಣಿಸುವ ಸಾಧ್ಯತೆ 20ಕ್ಕೆ 1ಕ್ಕಿಂತ ಕಡಿಮೆ ಇದ್ದರೆ ಅದನ್ನು ಗಮನಿಸಬಹುದು ಎಂದರು. 0.05 ಎಂಬ ಗೆರೆ ಹುಟ್ಟಿದ್ದು ಹಾಗೆ. ಅದು ಅನುಕೂಲಕ್ಕೆ ಎಳೆದ ಗೆರೆ. ಒಂದು ಪ್ರಯೋಗ ಗೆರೆ ದಾಟಿದರೆ ಸಾಕು ಎಂದು ಫಿಶರ್ ಹೇಳಲಿಲ್ಲ. ಪದೇ ಪದೇ ಮಾಡಿದಾಗಲೂ ಅದು ಗೆರೆ ದಾಟದೇ ಇರುವುದು ಅಪರೂಪವಾದರೆ ಮಾತ್ರ ವಿಷಯ ಸಾಬೀತಾದಂತೆ ಎಂದು ಮರುವರ್ಷವೇ ಬರೆದರು. ಆ ಷರತ್ತನ್ನು ಬಿಟ್ಟು ಗೆರೆಯನ್ನು ಮಾತ್ರ ಎಲ್ಲರೂ ಹಿಡಿದುಕೊಂಡರು. ಮನಃಶಾಸ್ತ್ರ, ವೈದ್ಯಕೀಯ, ಜೀವವಿಜ್ಞಾನ, ಅರ್ಥಶಾಸ್ತ್ರ, ಯಾವುದೂ ಇದಕ್ಕೆ ಹೊರತಾಗಲಿಲ್ಲ. ಗೆರೆ ದಾಟಿದ್ದು ಅಚ್ಚಾಗುತ್ತದೆ, ದಾಟದ್ದು ಮೇಜಿನ ಡ್ರಾಯರಿಗೆ ಹೋಗುತ್ತದೆ.

ಇದನ್ನು ಗಮನಿಸಿದವರು ಇರಲಿಲ್ಲ ಎಂದಲ್ಲ. 1959ರಲ್ಲಿ ಥಿಯೊಡರ್ ಸ್ಟರ್ಲಿಂಗ್ ಮನಃಶಾಸ್ತ್ರದ ನಾಲ್ಕು ಜರ್ನಲ್‌ಗಳನ್ನು ಹಿಡಿದು ಎಣಿಸಿದರು. ಈ ಗೆರೆಯ ಪರೀಕ್ಷೆ ಬಳಸಿದ ಪೇಪರ್‌ಗಳಲ್ಲಿ ಶೇ 97ರಷ್ಟು 'ಯಶಸ್ವಿ'. ಸಂಶೋಧಕರ ಊಹೆ ಅಷ್ಟು ಸಲ ಸರಿಯಾಗಲು ಸಾಧ್ಯವೇ ಇಲ್ಲ, ಅಲ್ವಾ? 1995ರಲ್ಲಿ ಅವರೇ ಸಹೋದ್ಯೋಗಿಗಳ ಜೊತೆ ಮತ್ತೆ ಎಣಿಸಿದಾಗ ಹೆಚ್ಚೇನೂ ಬದಲಾಗಿರಲಿಲ್ಲ. ನಡುವೆ 1979ರಲ್ಲಿ ರಾಬರ್ಟ್ ರೋಸೆಂತಾಲ್ ಇದಕ್ಕೆ 'ಫೈಲ್ ಡ್ರಾಯರ್ ಸಮಸ್ಯೆ' ಎಂದು ಹೆಸರಿಟ್ಟರು. ಹೆಸರು ಜನಪ್ರಿಯವಾಯಿತು, ಡ್ರಾಯರ್ ತುಂಬುತ್ತಲೇ ಹೋಯಿತು.

ಡ್ರಾಯರಿನಲ್ಲಿ ಏನೇನಿದೆ ಎಂದು ಹೊರಗಿನವರಿಗೆ ಕಾಣುವುದು ಬಹಳ ಅಪರೂಪ. ವೈದ್ಯಕೀಯದಲ್ಲಿ ಅದು ಒಮ್ಮೆ ಕಂಡಿತು. ಅಮೆರಿಕದಲ್ಲಿ ಹೊಸ ಔಷಧಕ್ಕೆ ಅನುಮತಿ ಬೇಕಿದ್ದರೆ ಕಂಪನಿಗಳು ತಮ್ಮ ಪ್ರಯೋಗಗಳ ವಿವರವನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಕೊಡಬೇಕು. ಎರಿಕ್ ಟರ್ನರ್ ಮತ್ತು ಸಂಗಡಿಗರು ಆ ಕಡತಗಳನ್ನೂ ಜರ್ನಲ್‌ಗಳನ್ನೂ ಅಕ್ಕಪಕ್ಕ ಇಟ್ಟು 2008ರಲ್ಲಿ ಹೋಲಿಸಿದರು. ಖಿನ್ನತೆಯ ಔಷಧಗಳ 74 ಪ್ರಯೋಗಗಳು. ಎಫ್‌ಡಿಎ ಕಣ್ಣಿಗೆ ಅವುಗಳಲ್ಲಿ 38 ಮಾತ್ರ ಯಶಸ್ವಿ. ಆ 38ರಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಬೆಳಕಿಗೇ ಬಂದಿರಲಿಲ್ಲ. 11 ಯಶಸ್ಸಿನ ವೇಷ ತೊಟ್ಟು ಅಚ್ಚಾಗಿದ್ದವು. ಸೋತಿದ್ದೇವೆ ಎಂದು ನೇರವಾಗಿ ಹೇಳಿದ್ದು ಮೂರೇ ಮೂರು. ಜರ್ನಲ್ ಓದುವ ವೈದ್ಯರಿಗೆ ಶೇ 94ರಷ್ಟು ಪ್ರಯೋಗಗಳು ಗೆದ್ದಂತೆ ಕಾಣುತ್ತಿತ್ತು. ನಿಜವಾಗಿ ಗೆದ್ದಿದ್ದು ಶೇ 51. ಈ ಔಷಧಗಳು ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಅವುಗಳ ಪರಿಣಾಮ ಪ್ರಕಟವಾದದ್ದಕ್ಕಿಂತ ಕಡಿಮೆ, ಅಷ್ಟೆ.

ವೈದ್ಯಕೀಯ ಬೇಗ ಎಚ್ಚೆತ್ತಿದ್ದಕ್ಕೆ ಕಾರಣ ಒಳ್ಳೆಯತನ ಅಲ್ಲ, ಒತ್ತಡ. ರೋಗಿಗಳ ಪ್ರಾಣದ ಪ್ರಶ್ನೆ ಇತ್ತು, ಕೋರ್ಟು ಕೇಸುಗಳಿದ್ದವು. ಪ್ರಯೋಗ ಶುರುವಾಗುವ ಮೊದಲೇ ಅದನ್ನು ನೋಂದಾಯಿಸಲು 2000ದಲ್ಲಿ ಅಮೆರಿಕ ಸಾರ್ವಜನಿಕ ವೆಬ್‌ಸೈಟ್ ತೆರೆಯಿತು. ನೋಂದಣಿ ಇಲ್ಲದ ಪ್ರಯೋಗವನ್ನು ಪ್ರಕಟಿಸುವುದಿಲ್ಲ ಎಂದು ದೊಡ್ಡ ವೈದ್ಯಕೀಯ ಜರ್ನಲ್‌ಗಳ ಸಂಪಾದಕರು 2004ರಲ್ಲಿ ಘೋಷಿಸಿದರು. ಏನು ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟರೆ, ಆಮೇಲೆ ಬಾಣ ಬಿದ್ದಲ್ಲಿ ಗುರಿ ಬರೆಯಲು ಆಗುವುದಿಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಆಯಿತು? 2015ರಲ್ಲಿ ಬಂದ ಒಂದು ಅಧ್ಯಯನದ ಅಂಕಿಗಳು ದಂಗುಬಡಿಸುತ್ತವೆ. ಅಮೆರಿಕ ಸರ್ಕಾರದ ಹೃದಯ ಸಂಶೋಧನಾ ಸಂಸ್ಥೆ ಹಣ ಕೊಟ್ಟ ದೊಡ್ಡ ಪ್ರಯೋಗಗಳನ್ನು ಅದು ನೋಡಿತು. 2000ಕ್ಕೆ ಮೊದಲಿನ 30ರಲ್ಲಿ 17 ಪ್ರಯೋಗಗಳು ಚಿಕಿತ್ಸೆಯಿಂದ ಲಾಭವಿದೆ ಎಂದಿದ್ದವು. ಅನಂತರದ 25ರಲ್ಲಿ ಹಾಗೆಂದಿದ್ದು ಎರಡು. ನೋಂದಣಿಯೊಂದೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಆದರೂ ಹಳೆಯ 17ರ ಮೇಲೆ ಅನುಮಾನ ಬಾರದೇ ಇರುತ್ತದೆಯೇ?

ವೈದ್ಯಕೀಯ ಸಂಶೋಧಕ ಜಾನ್ ಇಯೋನಿಡಿಸ್ 2005ರಲ್ಲೇ, ಪ್ರಕಟವಾಗುವ ಬಹುಪಾಲು ಸಂಶೋಧನೆ ತಪ್ಪಿರಬೇಕು ಎಂದು ಲೆಕ್ಕ ಹಾಕಿ ವಾದಿಸಿದ್ದರು. ಅದನ್ನು ಬಹಳ ಜನ ಓದಿದರು. ಆದರೆ ಲೆಕ್ಕ ಓದುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ನೋಡುವ ಕಾಲ ಬಂದದ್ದು 2011ರ ನಂತರ.

ಆ ವರ್ಷ ಮನಃಶಾಸ್ತ್ರಕ್ಕೆ ಮೇಲಿಂದ ಮೇಲೆ ಪೆಟ್ಟು ಬಿದ್ದವು. ನೆದರ್‌ಲ್ಯಾಂಡ್ಸ್‌ನ ಪ್ರಾಧ್ಯಾಪಕ ಡೀಡರಿಕ್ ಸ್ಟಾಪೆಲ್ ಡೇಟಾವನ್ನೇ ಹುಟ್ಟುಹಾಕಿ ಸಿಕ್ಕಿಬಿದ್ದರು. ಅವರ 50ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಪತ್ರಿಕೆಗಳಿಗೆ ಇದು ಭರ್ಜರಿ ಸುದ್ದಿ. ಆದರೆ ಮೋಸಗಾರರು ಕಡಿಮೆ, ಪ್ರಾಮಾಣಿಕರು ಜಾಸ್ತಿ. ಪ್ರಾಮಾಣಿಕರೂ ಹೇಗೆ ಸುಳ್ಳು ಫಲಿತಾಂಶಕ್ಕೆ ಬರುತ್ತಾರೆ ಎಂಬುದನ್ನು ಅದೇ ವರ್ಷ ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಮೂವರು ತೋರಿಸಿದರು. ಬೀಟಲ್ಸ್ ತಂಡದ ಒಂದು ಹಾಡು ಕೇಳಿದ ವಿದ್ಯಾರ್ಥಿಗಳ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಎಂದು ಅವರು 'ಸಾಬೀತು' ಮಾಡಿದರು. ಡೇಟಾ ನಿಜವಾದದ್ದೇ. ಹತ್ತಾರು ವಿಷಯ ಅಳೆದು ಬೇಕಾದ್ದನ್ನು ಮಾತ್ರ ಹೇಳಿದ್ದರು. ಆಗಾಗ ಲೆಕ್ಕ ನೋಡಿಕೊಂಡು, ಗೆರೆ ದಾಟಿದ ಕೂಡಲೇ ಪ್ರಯೋಗ ನಿಲ್ಲಿಸಿದ್ದರು. ಇಂಥದ್ದಕ್ಕೆ ಈಗ ಪಿ-ಹ್ಯಾಕಿಂಗ್ ಎನ್ನುತ್ತಾರೆ. ಆಗ ಅದು ದಿನನಿತ್ಯದ ಅಭ್ಯಾಸ.

2015ರಲ್ಲಿ ಬ್ರಯಾನ್ ನೋಸೆಕ್ ನೇತೃತ್ವದಲ್ಲಿ 270 ಸಂಶೋಧಕರು ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ವರದಿ ಕೊಟ್ಟರು. ಮೂಲದಲ್ಲಿ ಶೇ 97 ಗೆರೆ ದಾಟಿದ್ದವು. ಈಗ ದಾಟಿದ್ದು ಶೇ 36. ಪರಿಣಾಮದ ಗಾತ್ರ ಸರಾಸರಿ ಅರ್ಧಕ್ಕೆ ಇಳಿದಿತ್ತು.

ಕ್ಯಾನ್ಸರ್ ಸಂಶೋಧನೆಯಲ್ಲೂ ಇದೇ ಗೋಳು. ಆಮ್‌ಜೆನ್ ಎಂಬ ಔಷಧ ಕಂಪನಿಯ ವಿಜ್ಞಾನಿಗಳು 53 ಪ್ರಮುಖ ಅಧ್ಯಯನಗಳನ್ನು ಪರೀಕ್ಷಿಸಿದಾಗ ಆರು ಮಾತ್ರ ನಿಂತವು ಎಂದು 2012ರಲ್ಲಿ ಬರೆದರು. ಯಾವ 53 ಎಂದು ಆ ಲೇಖನದಲ್ಲಿ ಹೇಳಲಿಲ್ಲ. ಹಾಗಾಗಿ ಅವರ ಮಾತನ್ನೂ ಯಾರೂ ಪರೀಕ್ಷಿಸುವಂತಿರಲಿಲ್ಲ! ಆಮೇಲೆ ಎಲ್ಲವನ್ನೂ ಬಹಿರಂಗವಾಗಿಟ್ಟು ಮಾಡಿದ ಇನ್ನೊಂದು ಯತ್ನದ ವರದಿ 2021ರಲ್ಲಿ ಬಂತು. 193 ಪ್ರಯೋಗ ಮಾಡಲು ಹೊರಟವರು ಮುಗಿಸಿದ್ದು 50. ಮೂಲ ಲೇಖಕರನ್ನು ಕೇಳದೆ ಮಾಡುವಷ್ಟು ವಿವರ ಒಂದು ಪೇಪರ್‌ನಲ್ಲೂ ಇರಲಿಲ್ಲ. ಸುಮಾರು ಮೂರನೇ ಒಂದು ಭಾಗ ಪ್ರಯೋಗಗಳ ವಿಷಯದಲ್ಲಿ ಆ ಲೇಖಕರಿಂದ ನೆರವು ಸಿಗಲಿಲ್ಲ.

ಅರ್ಥಶಾಸ್ತ್ರದ ಕಷ್ಟವೇ ಬೇರೆ. ದೇಶಗಳ ಇತಿಹಾಸವನ್ನು ಮತ್ತೆ ನಡೆಸಿ ನೋಡಲು ಆಗುವುದಿಲ್ಲ. ಲೆಕ್ಕವನ್ನು ಮತ್ತೆ ಮಾಡಬಹುದು. ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಬರೆದರು. ಸರ್ಕಾರಿ ಖರ್ಚು ಕಡಿತಗೊಳಿಸಬೇಕು ಎನ್ನುವ ರಾಜಕಾರಣಿಗಳು ಈ ಪೇಪರ್ ಹಿಡಿದು ವಾದಿಸಿದರು. ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕ ಮಾಡಲು ಹೋದರೆ ಉತ್ತರ ಹೊಂದಲೇ ಇಲ್ಲ. ಮೂಲ ಎಕ್ಸೆಲ್ ಫೈಲ್ ತರಿಸಿ ನೋಡಿದರು. ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಇದರ ಜೊತೆಗೆ ಡೇಟಾ ಆಯ್ಕೆಯ ಬಗ್ಗೆಯೂ ತಕರಾರಿತ್ತು. ಹೆಚ್ಚು ಸಾಲದ ದೇಶಗಳ ಸರಾಸರಿ ಬೆಳವಣಿಗೆ ಶೇ ಮೈನಸ್ 0.1 ಅಲ್ಲ, ಶೇ 2.2 ಎಂದು ಅವರೂ ಅವರ ಪ್ರಾಧ್ಯಾಪಕರೂ 2013ರಲ್ಲಿ ತೋರಿಸಿದರು. ಎಕ್ಸೆಲ್ ತಪ್ಪನ್ನು ಮೂಲ ಲೇಖಕರು ಒಪ್ಪಿದರು, ಉಳಿದದ್ದನ್ನು ಒಪ್ಪಲಿಲ್ಲ. ಫೈಲ್ ಕೊಟ್ಟಿದ್ದಕ್ಕೆ ಅವರನ್ನು ಮೆಚ್ಚಲೇಬೇಕು. ಕೊಡದವರ ತಪ್ಪು ನಮಗೆ ಗೊತ್ತೇ ಆಗುವುದಿಲ್ಲ.

ಈಗ ಬಂದಿರುವ ಮದ್ದುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು 2013ರಲ್ಲಿ ಕಾರ್ಟೆಕ್ಸ್ ಜರ್ನಲ್ ಶುರುಮಾಡಿದ 'ರಿಜಿಸ್ಟರ್ಡ್ ರಿಪೋರ್ಟ್' ಪದ್ಧತಿಯ ಮೇಲೆ. ಪ್ರಯೋಗದ ಯೋಜನೆಯನ್ನು ಮೊದಲು ಕಳುಹಿಸಬೇಕು. ಯೋಜನೆ ಚೆನ್ನಾಗಿದ್ದರೆ, ಫಲಿತಾಂಶ ಏನೇ ಬರಲಿ, ಪ್ರಕಟಿಸುತ್ತೇವೆ ಎಂದು ಜರ್ನಲ್ ಮಾತು ಕೊಡುತ್ತದೆ. ಆಗ ಗೆರೆ ದಾಟಿಸಲು ಒದ್ದಾಡುವ ಅಗತ್ಯವೇ ಇಲ್ಲ. ಮನಃಶಾಸ್ತ್ರದಲ್ಲಿ ಇಂಥ ಪೇಪರ್‌ಗಳನ್ನು ಮಾಮೂಲಿ ಪೇಪರ್‌ಗಳ ಜೊತೆ ಹೋಲಿಸಿದ ಅಧ್ಯಯನ 2021ರಲ್ಲಿ ಬಂತು. ಮಾಮೂಲಿಯಲ್ಲಿ ಶೇ 96ರಷ್ಟು ಊಹೆಗಳು ನಿಜವಾಗಿದ್ದವು. ಹೊಸ ಪದ್ಧತಿಯಲ್ಲಿ ಶೇ 44.

ಈ ಪದ್ಧತಿ ಎಲ್ಲ ಕಡೆಗೂ ಹೊಂದುವುದಿಲ್ಲ. ಡೇಟಾ ಆಗಲೇ ಕೈಯಲ್ಲಿರುವಾಗ, ಅಂದರೆ ಅರ್ಥಶಾಸ್ತ್ರದ ಬಹಳಷ್ಟು ಕೆಲಸದಲ್ಲಿ, ಮೊದಲೇ ಯೋಜನೆ ಕೊಟ್ಟೆ ಎನ್ನುವುದನ್ನು ನಂಬುವುದು ಕಷ್ಟ. ಅದಕ್ಕೇ ಅಲ್ಲಿನ ದೊಡ್ಡ ಜರ್ನಲ್‌ಗಳು ಡೇಟಾ ಮತ್ತು ಲೆಕ್ಕ ಮಾಡಿದ ಕಂಪ್ಯೂಟರ್ ಕೋಡ್ ಎರಡನ್ನೂ ಕೇಳಿ ಪಡೆಯುತ್ತವೆ. ಇನ್ನು ಬೇರೆಯವರ ಪ್ರಯೋಗವನ್ನು ಮತ್ತೆ ಮಾಡಿ ನೋಡುವವರ ಪಾಡು ಹೆಚ್ಚೇನೂ ಬದಲಾಗಿಲ್ಲ. ಕೆಲಸ ಸಿಗುವುದು, ಬಡ್ತಿ ಸಿಗುವುದು, ಹಣ ಸಿಗುವುದು ಇವತ್ತಿಗೂ ಹೆಚ್ಚಾಗಿ ಹೊಸದನ್ನು ಕಂಡುಹಿಡಿದೆ ಎನ್ನುವವರಿಗೇ.