ಓಡರಂಟ್ ರಿಸೆಪ್ಟರ್: ಹುಳ ಹುಪ್ಪಟೆ ವಾಸನೆ ಹಿಡಿಯೋ ಪ್ರೋಟೀನ್

ಸೊಳ್ಳೆಗೂ ನೊಣಕ್ಕೂ ನಮ್ ಥರ ಮೂಗಿಲ್ಲ, ವಾಸನೆ ಹಿಡಿಯೋ ಕೆಲಸ ಹೆಚ್ಚಾಗಿ ಮೀಸೆದು, ಅಂದ್ರೆ ಆಂಟೆನಾದು. ಅದರ ಮೇಲೆ ಸಣ್ಣ ಕೂದಲು, ಕೂದಲಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ತೂತುಗಳು, ಗಾಳಿಲಿ ಬಂದ ವಾಸನೆ ಅಣು ಅಲ್ಲಿಂದ ಒಳಗೆ ಹೋಗಿ ನರಕೋಶದ ಪೊರೆಲಿ ಕೂತಿರೋ ಒಂದು ಪ್ರೋಟೀನಿಗೆ ಅಂಟ್ಕೊಳ್ಳುತ್ತೆ. ಅದೇ ಓಡರಂಟ್ ರಿಸೆಪ್ಟರ್, ಶಾರ್ಟಾಗಿ ಓಆರ್.

ಮಧ್ಯ ಒಂದು ತೊಡಕಿದೆ. ಕೂದಲೊಳಗಿರೋದು ನೀರಿನಂಥ ದ್ರವ, ಆದ್ರೆ ಸುಮಾರು ವಾಸನೆ ಅಣುಗಳು ಎಣ್ಣೆ ಜಾತಿಯವು, ಬೆರೆಯಲ್ಲ. ಅದಕ್ಕೆ ಅಲ್ಲಿ ಓಬಿಪಿ ಅನ್ನೋ ಪುಟಾಣಿ ಪ್ರೋಟೀನುಗಳಿದಾವೆ, ಅಣುನ ಹೊಟ್ಟೆಲಿಟ್ಕೊಂಡು ಸಾಗಿಸ್ತವೆ. 1981ರಲ್ಲಿ ಒಂದು ಕಾಡು ರೇಷ್ಮೆ ಪತಂಗದ ಮೀಸೆಲಿ ಇದು ಮೊದಲು ಸಿಕ್ತು. ಹಾಗಂತ ಎಲ್ಲಾ ವಾಸನೆಗೂ ಇದು ಬೇಕೇ ಬೇಕು ಅಂತಿಲ್ಲ.

ಈಗ ಅಸಲಿ ವಿಷ್ಯ. ನಮ್ಮ ಮೂಗಿನ ರಿಸೆಪ್ಟರೂ ಪೊರೆನ ಏಳು ಸಲ ದಾಟುತ್ತೆ, ಹುಳದ್ದೂ ಏಳು ಸಲ, ಅದಕ್ಕೇ ಎರಡೂ ಒಂದೇ ಜಾತಿ ಅಂತ ತುಂಬಾ ದಿನ ಅಂದ್ಕೊಂಡಿದ್ರು, ಆದ್ರೆ 2006ರಲ್ಲಿ ನೋಡಿದ್ರೆ ಹುಳದ್ದು ತಲೆಕೆಳಗು, ಹೊರಗಿರಬೇಕಾದ ತುದಿ ಒಳಗಿದೆ. ನಮ್ಮಲ್ಲಿ ರಿಸೆಪ್ಟರ್ ಬರೀ ಸುದ್ದಿ ಮುಟ್ಸುತ್ತೆ, ಅದು ಕೋಶದೊಳಗೆ ಸುದ್ದಿ ಸಾಗಿಸೋ ಜಿ-ಪ್ರೋಟೀನಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆಲ್ಲೋ ಅಯಾನ್ ಚಾನೆಲ್, ಅಂದ್ರೆ ವಿದ್ಯುತ್ ಚಾರ್ಜಿನ ಕಣಗಳು ಓಡಾಡೋ ಬಾಗಿಲು, ತೆರೆಯುತ್ತೆ. ಹುಳದಲ್ಲಿ ರಿಸೆಪ್ಟರೇ ಚಾನೆಲ್! ವಾಸನೆ ಅಂಟಿದ ತಕ್ಷಣ ನಡುವಿನ ತೂತು ತೆರೆದು ಅಯಾನುಗಳು ಒಳನುಗ್ತವೆ, ನರಕ್ಕೆ ಸಿಗ್ನಲ್ ಹೋಯ್ತು. 2008ರಲ್ಲಿ ಎರಡು ತಂಡಗಳು ಇದನ್ನ ತೋರಿಸಿದ್ವು.

ಆದ್ರೆ ಹೆಚ್ಚಿನ ಕೀಟಗಳಲ್ಲಿ ಓಆರ್ ಒಂಟಿಯಾಗಿ ಕೆಲಸ ಮಾಡಲ್ಲ. ಜೊತೆಗೆ ಓರ್ಕೋ ಅನ್ನೋ ಪ್ರೋಟೀನ್ ಬೇಕು, ಎರಡೂ ಜಾತಿದು ಒಟ್ಟು ನಾಲ್ಕು ಪ್ರೋಟೀನ್ ಸೇರಿದ್ರೆ ಒಂದು ಚಾನೆಲ್. ವಾಸನೆಗೆ ತಕ್ಕಂತೆ ಬದಲಾಗೋದು ಓಆರ್, ಓರ್ಕೋ ಮಾತ್ರ ನೊಣದಿಂದ ಸೊಳ್ಳೆವರೆಗೆ ಹೆಚ್ಚೂಕಮ್ಮಿ ಒಂದೇ. ಅಂಜೂರದ ಕಣಜದ ಓರ್ಕೋ ಆಕಾರ 2018ರಲ್ಲಿ ಹೆಪ್ಪುಗಟ್ಟಿಸಿ ನೋಡೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಅಂದ್ರೆ ಕ್ರಯೋ-ಇಎಮ್‌ನಲ್ಲಿ ಕಾಣಿಸ್ತು, 2024ರಲ್ಲಿ ಸೊಳ್ಳೆಯ ಇಡೀ ಚಾನೆಲ್ ನೋಡಿದಾಗ ಒಂದು ಓಆರ್‌ಗೆ ಮೂರು ಓರ್ಕೋ ಇತ್ತು. ನಂಗೆ ಹೆಚ್ಚು ಇಷ್ಟ ಆಗಿದ್ದು 2021ರ ಕೆಲಸ, ರೆಕ್ಕೆನೇ ಇಲ್ಲದ ಒಂದು ಹಳೇ ಕಾಲದ ಕೀಟದ ರಿಸೆಪ್ಟರಲ್ಲಿ ಲವಂಗದ ಯೂಜಿನಾಲೂ ಸೊಳ್ಳೆ ಕ್ರೀಮಿನ ಡೀಟೂ ಒಂದೇ ಗುಳಿಲಿ ಕೂತಿದ್ವು.

ಓರ್ಕೋ ತೆಗೆದ್ರೆ ಸೊಳ್ಳೆ ಕಚ್ಚೋದು ನಿಲ್ಲುತ್ತಾ? ಇಲ್ಲ ಮಾರಾಯ್ರೆ. ಮನುಷ್ಯರ ಮೇಲಿನ ವಿಶೇಷ ಪ್ರೀತಿ ಕಮ್ಮಿ ಆಗುತ್ತೆ ಅಷ್ಟೆ, ಯಾಕಂದ್ರೆ ನಮ್ಮುಸಿರಿನ ಕಾರ್ಬನ್ ಡೈಆಕ್ಸೈಡ್ ಹಿಡಿಯೋದು ಜಿಆರ್ ಅನ್ನೋ ಬೇರೆ ರಿಸೆಪ್ಟರ್ ಕುಟುಂಬ, ಬೆವರಿನ ಆಮ್ಲಗಳಿಗೆ ಐಆರ್ ಅಂತ ಇನ್ನೊಂದು.

ಜಿಆರ್ ಹೆಚ್ಚಾಗಿ ರುಚಿ ನೋಡೋ ಕುಟುಂಬ. ನಮ್ ಕಡೆ ರೇಷ್ಮೆ ಹುಳ ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೇದು ಮುಟ್ಟಲ್ವಲ್ಲ, ಅದರ ಹಿಂದಿರೋ ಜಿಆರ್66 ಜೀನನ್ನ, ಡಿಎನ್ಎ ಕತ್ತರಿಸೋ ತಂತ್ರವಾದ ಕ್ರಿಸ್ಪರ್‌ನಿಂದ ಕೆಡಿಸಿದಾಗ ಹುಳಗಳು ಹಣ್ಣು, ಕಾಳು ಎಲ್ಲಾ ಮೇಯೋಕೆ ಶುರು ಮಾಡಿದ್ವು. ಹಾಗಂತ ತೋಟ ಕಿತ್ತು ಹಾಕೋಕೆ ಹೋಗ್ಬೇಡಿ, ಇದು ಲ್ಯಾಬ್ ಮಾತು.