ಸೆಕೆಂಡ್ ಹ್ಯಾಂಡ್ ದುಬಾರಿ ಪೆನ್ನು: ಅಸಲಿಯೋ, ಡೂಪ್ಲಿಕೇಟೋ?

ಮಾಂಟ್‌ಬ್ಲಾಂಕ್ ಕಂಪನಿಯ ದುಬಾರಿ ಶಾಯಿ ಪೆನ್ನು 149ರ ನಿಬ್ಬಿನ ಮೇಲೆ 4810 ಎಂದು ಕೆತ್ತಿರುತ್ತದೆ. ಅದು ಮಾಂಟ್ ಬ್ಲಾಂಕ್ ಪರ್ವತದ ಎತ್ತರ, ಮೀಟರ್ ಲೆಕ್ಕದಲ್ಲಿ. ಹಳೆಯ ಪೆನ್ನು ಮಾರುವವರು ಈ ಅಂಕಿಯ ಫೋಟೋ ತೋರಿಸಿ 'ನೋಡಿ, ಒರಿಜಿನಲ್' ಅನ್ನುತ್ತಾರೆ. ಆದರೆ ನಾಲ್ಕು ಅಂಕಿ ಕೆತ್ತುವುದು ಲೇಸರ್ ಯಂತ್ರಕ್ಕೆ ಏನೂ ಕಷ್ಟವಲ್ಲ. ಕ್ಯಾಪಿನ ತಲೆಯ ಬಿಳಿ ನಕ್ಷತ್ರ, ಕ್ಲಿಪ್ಪಿನ ಉಂಗುರದ ಮೇಲಿನ ಸೀರಿಯಲ್ ನಂಬರ್, ಡಬ್ಬಿ, ವಾರಂಟಿ ಪುಸ್ತಕ, ಎಲ್ಲವೂ ಅಷ್ಟೇ. ಕಣ್ಣಿಗೆ ಮೊದಲು ಬೀಳುವುದನ್ನೇ ಡೂಪ್ಲಿಕೇಟ್ ಮಾಡುವವರು ಚೆನ್ನಾಗಿ ಮಾಡುತ್ತಾರೆ. ಅವರು ಕಾಸು ಉಳಿಸುವುದು ಕಣ್ಣು ಬೇಗ ಹೋಗದ ಕಡೆ: ನಿಬ್ಬಿನ ಚಿನ್ನದಲ್ಲಿ, ಶಾಯಿ ಎಳೆದುಕೊಳ್ಳುವ ಒಳಗಿನ ಪಿಸ್ಟನ್ನಿನಲ್ಲಿ, ಮೈಯ ಪ್ಲಾಸ್ಟಿಕ್ಕಿನಲ್ಲಿ. ನಾವು ಹುಡುಕಬೇಕಾದ್ದೂ ಅಲ್ಲೇ.

ಮೊದಲು ಚಿನ್ನ. ದುಬಾರಿ ಪೆನ್ನುಗಳ ನಿಬ್ಬು ಸಾಮಾನ್ಯವಾಗಿ 14 ಅಥವಾ 18 ಕ್ಯಾರಟ್. 14 ಅಂದರೆ ನೂರರಲ್ಲಿ 58.5 ಭಾಗ ಚಿನ್ನ, 18 ಅಂದರೆ 75 ಭಾಗ. ಅದಕ್ಕೇ ಅವುಗಳ ಮೇಲೆ 585, 750 ಎಂಬ ಗುರುತು ಇರುತ್ತದೆ. ಸುಲಭದ ಪರೀಕ್ಷೆ ಅಂದರೆ ಅಯಸ್ಕಾಂತ. ಚಿಕ್ಕದೊಂದು ನಿಯೋಡಿಮಿಯಂ ಅಯಸ್ಕಾಂತವನ್ನು ನಿಬ್ಬಿನ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಅಲ್ಲಿಗೆ ಮುಗಿಯಿತು, ಅದು ಚಿನ್ನದ ನಿಬ್ಬಲ್ಲ. ಅಂಟಿಕೊಳ್ಳದಿದ್ದರೆ? ಅದರಿಂದ ಏನೂ ಗೊತ್ತಾಗುವುದಿಲ್ಲ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲೂ ಹೆಚ್ಚುಕಡಿಮೆ ಅಂಟುವುದಿಲ್ಲ. ಅವುಗಳ ಮೇಲೆ ತೆಳ್ಳಗೆ ಚಿನ್ನದ ನೀರು ಕೊಟ್ಟರೆ ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಪೆನ್ನಿನ ಬಹುತೇಕ ಪರೀಕ್ಷೆಗಳು ಹೀಗೇ: ನಕಲಿ ಅನ್ನುವುದನ್ನು ಸಾಬೀತು ಮಾಡುತ್ತವೆ, ಅಸಲಿ ಅನ್ನುವುದನ್ನಲ್ಲ. ಇದೊಂದು ತಲೆಯಲ್ಲಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಬಣ್ಣ ನೋಡಿ ತೀರ್ಮಾನಿಸುವುದಂತೂ ಬೇಡವೇ ಬೇಡ. 1966ರಲ್ಲಿ ಬಂದ 'ಲಾಮಿ 2000' ಎಂಬ ಪೆನ್ನಿನ ನಿಬ್ಬು ಬೆಳ್ಳಗಿರುತ್ತದೆ, ಆದರೆ ಅದು 14 ಕ್ಯಾರಟ್ ಚಿನ್ನ, ಮೇಲೆ ಪ್ಲಾಟಿನಂ ಲೇಪ ಅಷ್ಟೇ. ಹಳದಿಯಾಗಿ ಹೊಳೆಯುವ ನಿಬ್ಬು ಬರೀ ಸ್ಟೀಲ್ ಆಗಿರಬಹುದು.

ಹಾಗಾದರೆ ಸಾಂದ್ರತೆ ಅಳೆಯಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಆರ್ಕಿಮಿಡಿಸನ ಹಳೆಯ ಉಪಾಯ ಅದು. 14 ಕ್ಯಾರಟ್ ಚಿನ್ನ ಒಂದು ಘನ ಸೆಂಟಿಮೀಟರಿಗೆ ಸುಮಾರು 13 ಗ್ರಾಂ ತೂಗುತ್ತದೆ, ಹಿತ್ತಾಳೆ ಸುಮಾರು 8.5, ಸ್ಟೀಲ್ ಎಂಟಕ್ಕಿಂತ ತುಸು ಕಡಿಮೆ. ಇಷ್ಟು ದೊಡ್ಡ ಅಂತರ ಇರುವಾಗ ಕಂಡುಹಿಡಿಯುವುದು ಸುಲಭ ಅನ್ನಿಸುತ್ತದೆ. ತೊಂದರೆ ಏನೆಂದರೆ ನಿಬ್ಬು ತೀರಾ ಚಿಕ್ಕದು. ಒಂದು ಗ್ರಾಂ ತೂಕದ ನಿಬ್ಬನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿದರೆ, ಚಿನ್ನದ್ದಾದರೆ ತೂಕ 0.08 ಗ್ರಾಂನಷ್ಟು ಕಡಿಮೆಯಾಗುತ್ತದೆ, ಹಿತ್ತಾಳೆಯದಾದರೆ 0.12ರಷ್ಟು. ನಡುವಿನ ವ್ಯತ್ಯಾಸ 40 ಮಿಲಿಗ್ರಾಂ. ದಾರಕ್ಕೆ ಅಂಟಿದ ಒಂದು ಗಾಳಿಗುಳ್ಳೆ ಸಾಕು ಲೆಕ್ಕ ಕೆಡಿಸಲು. ಮಿಲಿಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅದಕ್ಕಾಗಿ ಬೇರೆಯವರ ಪೆನ್ನಿನ ನಿಬ್ಬು ಕಿತ್ತು ತೆಗೆಯುವುದಂತೂ ಸರಿಯಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದಕ್ಕಿಂತ ಎಷ್ಟೋ ಉಪಯೋಗ. ನಿಬ್ಬಿನ ತುದಿ ನೋಡಿ. ಚಿನ್ನ ಮೆತ್ತಗಿನ ಲೋಹ, ಕಾಗದದ ಮೇಲೆ ಉಜ್ಜಿದರೆ ಸವೆದುಹೋಗುತ್ತದೆ. ಅದಕ್ಕೆ ತುದಿಗೆ ತುಂಬಾ ಗಟ್ಟಿಯಾದ ಮಿಶ್ರಲೋಹದ ಪುಟ್ಟ ಗುಂಡು ಬೆಸೆದಿರುತ್ತಾರೆ. ಹಿಂದೆ ಇರಿಡಿಯಂ, ಆಸ್ಮಿಯಂ ಬಳಸುತ್ತಿದ್ದರು, ಈಗ ಹೆಚ್ಚಾಗಿ ರುಥೇನಿಯಂ, ಟಂಗ್‌ಸ್ಟನ್ ಬೆರೆತದ್ದು. ಬೆಸೆದ ಮೇಲೆ ನಿಬ್ಬನ್ನು ತೆಳ್ಳನೆಯ ಚಕ್ರದಿಂದ ನಟ್ಟನಡುವೆ ಸೀಳುತ್ತಾರೆ. ಒಳ್ಳೆಯ ನಿಬ್ಬಿನಲ್ಲಿ ಈ ಸೀಳು ಗುಂಡನ್ನು ಸರಿಯಾಗಿ ಎರಡು ಹೋಳು ಮಾಡಿರುತ್ತದೆ, ಎರಡೂ ಹೋಳು ಒಂದೇ ಮಟ್ಟದಲ್ಲಿ ಕೂತಿರುತ್ತವೆ. ಅಗ್ಗದ ನಕಲಿಯಲ್ಲಿ ಗುಂಡೇ ಇರುವುದಿಲ್ಲ, ಸ್ಟೀಲಿನ ತುದಿಯನ್ನೇ ಮಡಚಿರುತ್ತಾರೆ, ಇಲ್ಲವೇ ಸೀಳು ಒಂದು ಕಡೆಗೆ ವಾಲಿರುತ್ತದೆ. ಎರಡು ಬಣ್ಣದ ನಿಬ್ಬಾದರೆ ಬೆಳ್ಳಿ ಬಣ್ಣ ಮುಗಿದು ಹಳದಿ ಶುರುವಾಗುವ ಅಂಚನ್ನೂ ನೋಡಿ. ಅಸಲಿಯಲ್ಲಿ ಅದು ಕೆತ್ತಿದ ಗೆರೆಗೆ ಸರಿಯಾಗಿ ನಿಂತಿರುತ್ತದೆ, ನಕಲಿಯಲ್ಲಿ ಸುಮಾರು ಸಲ ಗೆರೆ ದಾಟಿ ಆಚೆಗೆ ಹರಡಿರುತ್ತದೆ. ದೊಡ್ಡ ಕಂಪನಿಯ ಪೆನ್ನು ಎಂದು ಹೇಳಿ, ನಿಬ್ಬಿನ ಮೇಲೆ ಮಾತ್ರ 'ಇರಿಡಿಯಂ ಪಾಯಿಂಟ್' ಎಂದು ಬರೆದಿದ್ದರೆ ಅನುಮಾನ ಪಡಲೇಬೇಕು, ಅದು ಸಾಮಾನ್ಯವಾಗಿ ಅಗ್ಗದ ನಿಬ್ಬುಗಳ ಮೇಲಿರುವ ಬರಹ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಪಿಸ್ಟನ್. 1929ರಲ್ಲಿ ಪೆಲಿಕಾನ್ ಕಂಪನಿ ತಂದ ಪಿಸ್ಟನ್ ಪೆನ್ನಿನಲ್ಲಿ ಹಿಂದಿನ ತಿರುಪನ್ನು ತಿರುಗಿಸಿದಾಗ ತಿರುಪು ಸ್ವಲ್ಪ ಮೇಲೆ ಬರುತ್ತದೆ, ಒಳಗಿನ ಪಿಸ್ಟನ್ ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ದೂರ ಕೆಳಗೆ ಇಳಿಯುತ್ತದೆ. ಒಳಗೆ ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುವ ಎರಡು ತಿರುಪಿನ ಸುತ್ತುಗಳಿಂದ ಆಗುವ ಕೆಲಸ ಇದು. ಪೆನ್ನಿನ ಕೊಳವೆ ಒಳಗಡೆ ಪೂರ್ತಿ ದುಂಡಗೆ, ನುಣ್ಣಗೆ ಇರಬೇಕು, ಪಿಸ್ಟನ್ನಿನ ಅಂಚು ಗಾಳಿಯಾಡದ ಹಾಗೆ ಕೂರಬೇಕು, ಆದರೂ ಬೆರಳಿನಿಂದಲೇ ಸಲೀಸಾಗಿ ತಿರುಗಬೇಕು. ಇಷ್ಟು ನಾಜೂಕಿನ ಕೆಲಸಕ್ಕೆ ಖರ್ಚು ಜಾಸ್ತಿ. ಅದಕ್ಕೇ ನಕಲಿ 149ಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಇರುವುದಿಲ್ಲ, ಮೈಯನ್ನು ಬಿಚ್ಚಿದರೆ ಒಳಗೆ ಪುಟ್ಟ ಕನ್ವರ್ಟರ್, ಅಂದರೆ ಶಾಯಿ ತುಂಬುವ, ಕಳಚಿ ತೆಗೆಯಬಹುದಾದ ಕೊಳವೆ ಸಿಗುತ್ತದೆ. ಆದರೆ ಮಾಡೆಲ್ ಯಾವುದು ಅಂತ ಗೊತ್ತಿರಬೇಕು: ಅದೇ ಕಂಪನಿಯ 145ರಲ್ಲಿ ಅಸಲಿಗೂ ಕನ್ವರ್ಟರೇ ಇರುವುದು. ಇನ್ನೊಂದು ಮಾತು, ಹಳೆಯ ಅಸಲಿ ಪೆನ್ನಿನ ಪಿಸ್ಟನ್ ಸವೆದು ಸೋರಬಹುದು, ಬಿಗಿಯಾಗಿಯೂ ಇರಬಹುದು. ಸೋರಿದ ಮಾತ್ರಕ್ಕೆ ನಕಲಿ ಅನ್ನಬೇಡಿ.

'ಭಾರ ಇದೆ, ಹಾಗಾಗಿ ಅಸಲಿ' ಎಂಬ ಮಾತು ತುಂಬಾ ಜನರಿಗೆ ದುಡ್ಡು ಕಳೆಸಿದೆ. 149ರ ಮೈ ರೆಸಿನ್ ಎಂಬ ಪ್ಲಾಸ್ಟಿಕ್ಕಿನದು, ಗಾತ್ರಕ್ಕೆ ಹೋಲಿಸಿದರೆ ಅದು ಹಗುರ. ಹಿತ್ತಾಳೆಯ ಕೊಳವೆಗೆ ಕಪ್ಪು ಬಣ್ಣ ಬಳಿದ ನಕಲಿಯೇ ಕೈಗೆ ಜಾಸ್ತಿ ಭಾರ ಅನ್ನಿಸುತ್ತದೆ. ರೆಸಿನ್‌ಗೆ ಒಂದು ಚೆಂದದ ಪರೀಕ್ಷೆಯಿದೆ. ಕತ್ತಲೆ ಕೋಣೆಯಲ್ಲಿ ಪ್ರಖರವಾದ ಟಾರ್ಚನ್ನು ಕ್ಯಾಪಿನ ಒಳಕ್ಕೆ ಹಿಡಿದರೆ, ಕಪ್ಪಗೆ ಕಾಣುತ್ತಿದ್ದ ಕ್ಯಾಪ್ ಕಡುಗೆಂಪಾಗಿ ಬೆಳಗುತ್ತದೆ. ರೆಸಿನ್‌ಗೆ ಬೆರೆಸಿದ ಬಣ್ಣ ನೀಲಿ, ಹಸಿರು ಬೆಳಕನ್ನು ಪೂರ್ತಿ ಹೀರುತ್ತದೆ, ಕೆಂಪನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ಇಂಗಾಲದ ಮಸಿ ಬೆರೆಸಿದ ಸಾಮಾನ್ಯ ಪ್ಲಾಸ್ಟಿಕ್ಕು ಎಲ್ಲ ಬಣ್ಣವನ್ನೂ ಹೀರಿಬಿಡುವುದರಿಂದ ಕಪ್ಪಾಗಿಯೇ ಉಳಿಯುತ್ತದೆ. ಇದು ಈಚಿನ ದಶಕಗಳ ಪೆನ್ನುಗಳಿಗೆ ಮಾತ್ರ. 1952ರಲ್ಲಿ ಬಂದ ಮೊದಮೊದಲ 149ಗಳು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನವು. ಸೀರಿಯಲ್ ನಂಬರ್ ಕೂಡ 1990ರ ದಶಕದಿಂದ ಈಚೆಗೆ ಬಂದದ್ದು, ಹಳೆಯ ಪೆನ್ನಿನಲ್ಲಿ ಅದು ಇಲ್ಲದಿದ್ದರೆ ಗಾಬರಿ ಬೇಡ.

ಇನ್ನೂ ಹಳೆಯ ಪೆನ್ನುಗಳಲ್ಲಿ ಮೂಗು ಕೆಲಸಕ್ಕೆ ಬರುತ್ತದೆ. ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್, ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಬಿಸಿ ಮಾಡಿದರೆ ಗಂಧಕದ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ಆದರೆ ಕರ್ಪೂರದ ಘಮ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂಬ ಸಲಹೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಸೆಲ್ಯುಲಾಯ್ಡ್ ಮಾಡುವುದೇ ನೈಟ್ರೋಸೆಲ್ಯುಲೋಸ್‌ನಿಂದ, ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕೂಡಿಸಿದ ಪೆನ್ನು. ನಿಬ್ಬು ಅಸಲಿ, ಕ್ಯಾಪ್ ಇನ್ನೊಂದು ಪೆನ್ನಿನದು, ಮೈ ನಕಲಿ. ಇಲ್ಲಿ ಒಂದು ಭಾಗ ಪಾಸಾದರೆ ಪೂರ್ತಿ ಪೆನ್ನು ಪಾಸಾದ ಹಾಗಲ್ಲ, ಒಂದೊಂದನ್ನೂ ಬೇರೆ ಬೇರೆ ನೋಡಬೇಕು. ಬೆಲೆ ದೊಡ್ಡದಾಗಿದ್ದರೆ ಎಕ್ಸ್‌-ರೇ ಯಂತ್ರವಿರುವ ಚಿನ್ನದಂಗಡಿಗೆ ಹೋಗುವುದು ಒಳ್ಳೆಯದು. ಎಕ್ಸ್‌-ರೇ ತಾಗಿದ ಪರಮಾಣುವಿನ ಒಳಸುತ್ತಿನಿಂದ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ, ಹೊರಸುತ್ತಿನದೊಂದು ಆ ಜಾಗಕ್ಕೆ ಇಳಿಯುವಾಗ ಮತ್ತೆ ಎಕ್ಸ್‌-ರೇ ಹೊಮ್ಮುತ್ತದೆ. ಅದರ ಶಕ್ತಿ ಒಂದೊಂದು ಧಾತುವಿಗೆ ಒಂದೊಂದು. ಈ ಕಿರಣ ಕೆಲವು ಮೈಕ್ರಾನ್ ಆಳಕ್ಕೆ ಇಳಿಯುವುದರಿಂದ ತೆಳುವಾದ ಲೇಪದ ಕೆಳಗಿನ ಹಿತ್ತಾಳೆಯ ತಾಮ್ರ, ಸತು, ಸ್ಟೀಲಿನ ಕಬ್ಬಿಣ ಎಲ್ಲವೂ ಪರದೆಯ ಮೇಲೆ ಬರುತ್ತದೆ. ನಿಬ್ಬಿಗೆ ಒಂದು ಗೀರೂ ಬೀಳುವುದಿಲ್ಲ.

ಪೆನ್ನು ಕೈಗೆ ಸಿಗದೆ ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರುವವರನ್ನು ಮೂರು ವಿಷಯ ಕೇಳಿ: ನಿಬ್ಬಿನ ತುದಿಯ ಹತ್ತಿರದ ಫೋಟೋ, ನಿಬ್ಬಿನ ಕೆಳಗಿರುವ, ಶಾಯಿ ಹರಿಸುವ ಫೀಡ್‌ನ ಫೋಟೋ, ಪಿಸ್ಟನ್ನಿನಿಂದ ನೀರು ಎಳೆದು ಬಿಡುವ ವಿಡಿಯೋ. ಪೆನ್ನು ನಿಜವಾಗಿ ಕೈಯಲ್ಲಿದ್ದವರಿಗೆ ಇದು ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಮತ್ತೆ ಮತ್ತೆ ಡಬ್ಬಿಯ ಫೋಟೋನೇ ಕಳಿಸುತ್ತಿದ್ದರೆ ಬೇರೆ ಪೆನ್ನು ನೋಡಿಕೊಳ್ಳಿ.